ಮನೆಯ ದೀಪ, ಮಾಳದ ದೀಪ
ಸೀಮೆಎಣ್ಣೆ ದೀಪವನ್ನು ಆರಿಸುವ ಮತ್ತು ಬಳಸುವ ಬಗ್ಗೆ ನಾಲ್ಕು ಮಾತು

(ನಿಲ್ಕುಂದದಲ್ಲಿ ರೋಗಿಗಳಿಗೂ ಅವರ ಜೊತೆಗೆ ಬಂದ ಮನೆಯವರಿಗೂ ನೀಡಿದ ಆರೋಗ್ಯ ಉಪನ್ಯಾಸದ ಬರಹರೂಪ)



ಆಸ್ಪತ್ರೆಯವರು ಔಷಧದ ಬಗ್ಗೆ, ಪಥ್ಯದ ಬಗ್ಗೆ ಹೇಳುವುದು ಸರಿ, ದೀಪದ ಬಗ್ಗೆ ಯಾಕೆ ಹೇಳುತ್ತಾರೆ ಎಂದು ನಿಮಗೆ ಅನಿಸಬಹುದು. ಕಾರಣವಿದೆ. ಸೀಮೆಎಣ್ಣೆಯಿಂದಾಗಿ ಆಸ್ಪತ್ರೆಯ ಬಾಗಿಲಿಗೆ ಮೂರು ಬಗೆಯ ಜನ ಬರುತ್ತಾರೆ. ಸುಟ್ಟುಕೊಂಡವರು ಒಂದು ಬಗೆ. ನೀರೆಂದು ತಿಳಿದು ಎಣ್ಣೆ ಕುಡಿದ ಪುಟ್ಟ ಮಕ್ಕಳು ಎರಡನೆಯ ಬಗೆ. ಹೊಗೆಯಿಂದ ಕೆಮ್ಮು, ದಮ್ಮು ಹೆಚ್ಚಾದವರು ಮೂರನೆಯ ಬಗೆ. ಈ ಮೂರನ್ನೂ ಮನೆಯಲ್ಲೇ ತಡೆಯಬಹುದು. ಸುಟ್ಟ ಗಾಯ ಮಾಯಲು ತಿಂಗಳುಗಳು ಬೇಕು, ಅದನ್ನು ತಡೆಯಲು ಒಂದು ನಿಮಿಷದ ಎಚ್ಚರ ಸಾಕು. ಅದಕ್ಕಾಗಿಯೇ ಈ ಮಾತು.

ನಾವು ಸೀಮೆಎಣ್ಣೆ ಅಥವಾ ಚಿಮಣಿ ಎಣ್ಣೆ ಎನ್ನುತ್ತೇವೆ. ಅಂಗಡಿಯಲ್ಲಿ ಕೆರೋಸಿನ್ ಎನ್ನುತ್ತಾರೆ, ಇಂಗ್ಲೆಂಡಿನವರು ಪ್ಯಾರಾಫಿನ್ ಎನ್ನುತ್ತಾರೆ. ಎಲ್ಲವೂ ಒಂದೇ.

ಆಸ್ಪತ್ರೆಯಲ್ಲಿ ಬೆಳಗಿದ ದೀಪ

ಈ ದೀಪಕ್ಕೂ ಆಸ್ಪತ್ರೆಗೂ ಹಳೆಯ ನಂಟು. ಇಂದಿನ ಉಕ್ರೇನ್ ದೇಶದ ಲ್ವಿವ್ ನಗರದಲ್ಲಿ ಇಗ್ನಾಸಿ ಲುಕಾಸಿಯೆವಿಚ್ ಎಂಬ ಔಷಧ ತಯಾರಕರು ಕಲ್ಲೆಣ್ಣೆಯನ್ನು ಶುದ್ಧಮಾಡಿ ಉರಿಸುವ ದೀಪ ಸಿದ್ಧಪಡಿಸಿದ್ದರು. 1853ರ ಜುಲೈ 31ರಂದು ಅಲ್ಲಿನ ಆಸ್ಪತ್ರೆಯಲ್ಲಿ ರಾತ್ರಿ ತುರ್ತು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಆಗ ಬೆಳಕು ಕೊಟ್ಟದ್ದು ಅದೇ ದೀಪ. ರಾತ್ರಿ ಹೊತ್ತು ಜೀವ ಉಳಿಸಲು ನೆರವಾದ ದೀಪ ಅದು. ಅದೇ ದೀಪ ನಮ್ಮ ಕೈಯಲ್ಲಿ ಜೀವ ತೆಗೆಯದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

ನಮ್ಮ ಕಡೆ ಸೀಮೆಎಣ್ಣೆ ಬರುವ ಮೊದಲು ಹೊನ್ನೆ ಎಣ್ಣೆ, ಹರಳೆಣ್ಣೆಯ ಹಣತೆಗಳಿದ್ದವು. ದಾರಿಗೆ ಸೂಡಿ ಇತ್ತು, ಆಟದ ರಂಗಸ್ಥಳಕ್ಕೆ ದೊಂದಿ ಇತ್ತು. ಬಳಿಕ ಲಾಟೀನು, ಗ್ಯಾಸ್‌ಲೈಟು ಬಂದವು. ಅಡಿಕೆ ಸುಲಿಯುವ ಚಪ್ಪರದಲ್ಲಿ, ಯಕ್ಷಗಾನದ ಬಯಲಿನಲ್ಲಿ, ಮದುವೆ ಮನೆಯ ಅಂಗಳದಲ್ಲಿ ಬೆಳಗಾಗುವವರೆಗೆ ಉರಿದ ಬೆಳಕು ಅದು. ಪಕ್ಕದ ಜೋಗದಲ್ಲಿ 1948ರಲ್ಲೇ ವಿದ್ಯುತ್ ಉತ್ಪಾದನೆ ಆರಂಭವಾದರೂ ಸಿದ್ದಾಪುರ, ಶಿರಸಿ, ಯಲ್ಲಾಪುರದ ಎಷ್ಟೋ ಒಂಟಿಮನೆಗಳಿಗೆ ಕರೆಂಟು ತಲುಪಲು ದಶಕಗಳೇ ಬೇಕಾದವು.

ಈಗ ಹೆಚ್ಚುಕಡಿಮೆ ಎಲ್ಲ ಮನೆಗಳಿಗೂ ತಂತಿ ಬಂದಿದೆ. ಆದರೆ ನಿಲ್ಕುಂದದಂಥ ಘಟ್ಟದ ಊರಿನಲ್ಲಿ ಆಷಾಢದ ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಸಾಕು, ಎರಡು ಮೂರು ದಿನ ಕತ್ತಲು. ಆಗ ಅಟ್ಟದ ಮೇಲಿನ ಹಳೆಯ ಲಾಟೀನು ಕೆಳಗಿಳಿಯುತ್ತದೆ. ಅದನ್ನು ಬಳಸಿ ಗೊತ್ತಿದ್ದ ಅಜ್ಜ ಅಜ್ಜಿಯರು ಈಗ ಎಲ್ಲ ಮನೆಗಳಲ್ಲಿ ಇಲ್ಲ. ಬಳಸುವುದು ಅಪರೂಪವಾದಷ್ಟೂ ತಪ್ಪುವುದು ಹೆಚ್ಚು.

ಮೊದಲು ಬ್ಯಾಟರಿ ದೀಪ, ಆಮೇಲೆ ಲಾಟೀನು

ವೈದ್ಯಕೀಯ ದೃಷ್ಟಿಯಿಂದ ಹೇಳುವುದಾದರೆ ಮನೆಯೊಳಗೆ ಉರಿಯದ ದೀಪವೇ ಒಳ್ಳೆಯ ದೀಪ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮನೆಬಳಕೆಗೆ ಸೀಮೆಎಣ್ಣೆ ಬೇಡವೆಂದೇ ಸಲಹೆ ಮಾಡಿದೆ. ಚಾರ್ಜು ಮಾಡುವ ಎಲ್‌ಇಡಿ ದೀಪ, ಸೌರ ಲಾಟೀನು ಇಂದು ಪೇಟೆಯಲ್ಲಿ ಸಿಗುತ್ತವೆ. ಅವಕ್ಕೆ ಹೊಗೆಯಿಲ್ಲ, ಬೆಂಕಿಯಿಲ್ಲ, ಮಕ್ಕಳ ಓದಿಗೆ ಬೆಳಕೂ ಹೆಚ್ಚು. ಸೀಮೆಎಣ್ಣೆ ಈಗ ಅಗ್ಗವೂ ಅಲ್ಲ. ಪಡಿತರದ ಹಂಚಿಕೆ ವರ್ಷದಿಂದ ವರ್ಷಕ್ಕೆ ಇಳಿಯಿತು, ದರದ ಮೇಲಿನ ಸಹಾಯಧನವೂ ಹೋಯಿತು. ಕೆಲವು ತಿಂಗಳ ಎಣ್ಣೆಯ ದುಡ್ಡಿನಲ್ಲಿ ಒಂದು ಚಾರ್ಜು ದೀಪ ಬರುತ್ತದೆ. ಮಳೆಗಾಲಕ್ಕೆ ಮುಂಚೆ ಅಂಥದ್ದೊಂದನ್ನು ಕೊಳ್ಳಿ. ಕರೆಂಟು ಇದ್ದಾಗಲೆಲ್ಲ ಅದನ್ನು ತುಂಬಿಸಿಡಿ.

ಆದರೂ ಮೂರು ದಿನ ಬಿಸಿಲಿಲ್ಲ, ಕರೆಂಟಿಲ್ಲ ಎಂದಾಗ ಬ್ಯಾಟರಿ ಮುಗಿಯುತ್ತದೆ. ಆ ಹೊತ್ತಿಗೆ ಒಂದು ಒಳ್ಳೆಯ ಲಾಟೀನು ಮನೆಯಲ್ಲಿರುವುದು ತಪ್ಪಲ್ಲ. ಇದ್ದರೆ ಸರಿಯಾದದ್ದು ಇರಲಿ.

ಯಾವ ದೀಪವನ್ನು ಆರಿಸಬೇಕು?

1. ಚಿಮಣಿ ಬುಡ್ಡಿ. ಔಷಧದ ಶೀಶೆಗೋ ಡಬ್ಬಿಗೋ ಮುಚ್ಚಳ ತೂತುಮಾಡಿ ಬಟ್ಟೆಯ ಬತ್ತಿ ಹಾಕಿದ ದೀಪ. ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಅಪಾಯ. ಬೆಕ್ಕು ತಾಗಿದರೂ ಉರುಳುತ್ತದೆ. ಉರುಳಿದೊಡನೆ ಮುಚ್ಚಳ ಕಳಚಿ ಎಣ್ಣೆ ಹರಡಿ ಹತ್ತಿಕೊಳ್ಳುತ್ತದೆ. ಉರಿಗೆ ಗಾಜಿನ ಮರೆಯಿಲ್ಲದ್ದರಿಂದ ಸೀರೆಯ ಸೆರಗು, ಕೂದಲು ನೇರ ಉರಿಗೇ ತಾಗುತ್ತದೆ. ಹೊಗೆಯೂ ಇದರಲ್ಲೇ ಜಾಸ್ತಿ. ಇಂಥ ಬುಡ್ಡಿಗಳಲ್ಲಿ ಉರಿಯುವ ಎಣ್ಣೆಯ ನೂರಕ್ಕೆ 7ರಿಂದ 9 ಪಾಲು ಕಪ್ಪು ಮಸಿಯಾಗಿ ಗಾಳಿ ಸೇರುತ್ತದೆ ಎಂದು 2012ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿದೆ. ಗೋಡೆಗೆ ಹಿಡಿದ ಮಸಿ ಕಣ್ಣಿಗೆ ಕಾಣುತ್ತದೆ, ಶ್ವಾಸಕೋಶಕ್ಕೆ ಹಿಡಿದದ್ದು ಕಾಣುವುದಿಲ್ಲ. ಚಿಮಣಿ ಬುಡ್ಡಿಯನ್ನು ಮನೆಯಿಂದ ಹೊರಗೆ ಹಾಕಿ.

ಶ್ರೀಲಂಕಾದಲ್ಲಿ ಡಾ. ವಿಜಯ ಗೋಡಕುಂಬುರ ಎಂಬ ಶಸ್ತ್ರವೈದ್ಯರಿದ್ದರು. ಶೀಶೆ ದೀಪ ಉರುಳಿ ಸುಟ್ಟುಕೊಂಡು ಬರುವವರಿಗೆ ಚಿಕಿತ್ಸೆ ಮಾಡಿ ಮಾಡಿ, ಗಾಯಕ್ಕಿಂತ ಮೊದಲು ದೀಪಕ್ಕೇ ಚಿಕಿತ್ಸೆ ಆಗಬೇಕೆಂದು ಅವರು ಮನಗಂಡರು. ಗಿಡ್ಡನೆಯ, ಭಾರದ, ದಪ್ಪ ಗಾಜಿನ ದೀಪವೊಂದನ್ನು ರೂಪಿಸಿದರು. ಅದರ ಎರಡು ಬದಿ ಚಪ್ಪಟೆ, ಹಾಗಾಗಿ ಬಿದ್ದರೂ ಹೊರಳುವುದಿಲ್ಲ. ಮುಚ್ಚಳ ತಿರುಪಿನದು, ಹಾಗಾಗಿ ಎಣ್ಣೆ ಚೆಲ್ಲುವುದಿಲ್ಲ. ಈ ಕೆಲಸಕ್ಕಾಗಿ 1998ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು. ದೀಪ ಕೊಳ್ಳುವಾಗ ನೀವು ನೋಡಬೇಕಾದ್ದೂ ಇದನ್ನೇ: ಬುಡ ಅಗಲ, ಭಾರ ಕೆಳಗೆ, ಮುಚ್ಚಳ ತಿರುಪಿನದು.

2. ಗಾಜಿನ ಚಿಮಣಿಯ ಮೇಜಿನ ದೀಪ. ಚಪ್ಪಟೆ ಬತ್ತಿ, ಮೇಲೆ ಉದ್ದನೆಯ ಗಾಜು. ಗಾಜು ಗಾಳಿಯನ್ನು ಮೇಲಕ್ಕೆ ಎಳೆಯುವುದರಿಂದ ಉರಿ ಸ್ವಚ್ಛ. ಆದರೆ ಎಣ್ಣೆಯ ಬುರುಡೆ ಗಾಜಿನದಾದರೆ ಬಿದ್ದೊಡನೆ ಒಡೆಯುತ್ತದೆ. ಮಕ್ಕಳಿಲ್ಲದ ಮನೆಯಲ್ಲಿ, ಒಂದೇ ಕಡೆ ಇಟ್ಟು ಬಳಸುವುದಾದರೆ ಆಗಬಹುದು. ಕೈಯಲ್ಲಿ ಹಿಡಿದು ಓಡಾಡುವುದಕ್ಕೆ ಬೇಡ.

3. ಲಾಟೀನು. ಮನೆಗೆ ಆರಿಸುವುದಾದರೆ ಇದನ್ನೇ ಆರಿಸಿ. ಎಣ್ಣೆಯ ತೊಟ್ಟಿ ತಗಡಿನದು, ಗಾಜಿನ ಸುತ್ತ ತಂತಿಯ ಬೇಲಿ, ಹಿಡಿಯಲು ಹಿಡಿಕೆ. ಅದರ ಎರಡೂ ಬದಿಯ ಕೊಳವೆಗಳು ಬರೀ ಕಾಲುಗಳಲ್ಲ. ಉರಿಗೆ ಬೇಕಾದ ಗಾಳಿ ಮೇಲಿನಿಂದ ಅವುಗಳೊಳಗೆ ಇಳಿದು ಬತ್ತಿಯ ಬುಡಕ್ಕೆ ಬರುತ್ತದೆ. ಹೊರಗಿನ ಗಾಳಿ ನೇರ ತಾಗದ್ದರಿಂದ ಬಿರುಗಾಳಿಯಲ್ಲೂ ಆರುವುದಿಲ್ಲ. ಕೊಳವೆ ಜಜ್ಜಿಹೋದರೆ, ಜೇಡನ ಬಲೆ ಕಟ್ಟಿದರೆ ಉರಿ ಹೊಗೆಯಾಡುತ್ತದೆ. ಅಟ್ಟದಿಂದ ಇಳಿಸಿದ ಲಾಟೀನು ಹೊಗೆಯಾಡಿದರೆ ಮೊದಲು ಕೊಳವೆಯನ್ನು ನೋಡಿ.

ಕೊಳ್ಳುವಾಗ ನಾಲ್ಕು ಪರೀಕ್ಷೆ ಮಾಡಿ. ತೊಟ್ಟಿಯ ಬೆಸುಗೆ ಸರಿಯಿದೆಯೇ? ಎಣ್ಣೆ ಹಾಕಿ ಒಂದು ಗಂಟೆ ಕಾಗದದ ಮೇಲಿಟ್ಟರೆ ಸೋರಿಕೆ ಗೊತ್ತಾಗುತ್ತದೆ. ಬತ್ತಿ ಏರಿಸುವ ಚಕ್ರ ಸಲೀಸಾಗಿ ತಿರುಗುತ್ತದೆಯೇ? ಗಾಜು ಅಲುಗಾಡದೆ ಕೂರುತ್ತದೆಯೇ? ಮುಚ್ಚಳ ಬಿಗಿಯಾಗುತ್ತದೆಯೇ? ಒಂದು ಹೆಚ್ಚಿನ ಗಾಜು, ಒಂದು ಹೆಚ್ಚಿನ ಬತ್ತಿ ತಂದಿಡಿ.

4. ಪೆಟ್ರೋಮ್ಯಾಕ್ಸ್ ಅಥವಾ ಗ್ಯಾಸ್‌ಲೈಟು. ಪಂಪು ಹೊಡೆದು ಒತ್ತಡದಲ್ಲಿ ಎಣ್ಣೆಯನ್ನು ಆವಿ ಮಾಡಿ ಮ್ಯಾಂಟಲ್ ಬೆಳಗಿಸುವ ದೀಪ. ಬೆಳಕು ಬಹಳ, ಬಿಸಿಯೂ ಬಹಳ. ಇದು ಅಂಗಳದ ದೀಪ, ಕೋಣೆಯ ದೀಪವಲ್ಲ. ಕೈ ಪಳಗಿದವರೇ ಹಚ್ಚಲಿ. ಉರಿಯುತ್ತಿರುವಾಗ ಎಣ್ಣೆ ಹಾಕುವುದು, ಒತ್ತಡ ಬಿಡದೆ ಮುಚ್ಚಳ ತೆಗೆಯುವುದು, ಬಿಸಿ ದೀಪಕ್ಕೆ ಸ್ಪಿರಿಟ್ ಸುರಿಯುವುದು, ಈ ಮೂರೂ ಪ್ರಾಣಕ್ಕೆ ಎರವಾಗುವ ಕೆಲಸ. ಹಳೆಯ ಬಗೆಯ ಮ್ಯಾಂಟಲ್‌ಗಳಲ್ಲಿ ಥೋರಿಯಂ ಎಂಬ ಸ್ವಲ್ಪ ವಿಕಿರಣ ಸೂಸುವ ವಸ್ತುವಿರುತ್ತದೆ. ಹೊಸ ಮ್ಯಾಂಟಲನ್ನು ಹೊರಗೆ ಬಯಲಲ್ಲಿ ಸುಟ್ಟುಕೊಳ್ಳಿ. ಮುರಿದದ್ದರ ಪುಡಿಯನ್ನು ಊದಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಆಮೇಲೆ ಕೈ ತೊಳೆಯಿರಿ.

ಎಣ್ಣೆಯ ವಿಷಯ

ಸೀಮೆಎಣ್ಣೆ ದೀಪಕ್ಕೆ ಸೀಮೆಎಣ್ಣೆಯನ್ನೇ ಹಾಕಬೇಕು. ಒಳ್ಳೆಯ ಸೀಮೆಎಣ್ಣೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಬಿಸಿಯಲ್ಲಿ ಕಿಡಿ ತಾಗಿದರೂ ಹತ್ತುವಷ್ಟು ಆವಿ ಬಿಡಬಾರದು. ಪೆಟ್ರೋಲು ಹಾಗಲ್ಲ, ಕೊರೆವ ಚಳಿಯಲ್ಲೂ ಆವಿ ಬಿಡುತ್ತದೆ. ಸೀಮೆಎಣ್ಣೆಗೆ ಸ್ವಲ್ಪ ಪೆಟ್ರೋಲು ಬೆರೆತರೂ ತೊಟ್ಟಿಯೊಳಗೆ ಆವಿ ತುಂಬಿ ದೀಪ ಸಿಡಿಯುತ್ತದೆ. ಎಣ್ಣೆ ಸಿಗಲಿಲ್ಲವೆಂದು ಬೈಕಿನ ಪೆಟ್ರೋಲು ಹಾಕುವುದು, ಪೆಟ್ರೋಲು ತುಂಬಿದ್ದ ಕ್ಯಾನಿನಲ್ಲೇ ಸೀಮೆಎಣ್ಣೆ ತರುವುದು, ಎರಡೂ ಬೇಡವೇ ಬೇಡ. ಎಣ್ಣೆಗೆ ಪೆಟ್ರೋಲಿನ ವಾಸನೆ ಇದ್ದರೆ ಉರಿಸಬೇಡಿ.

ಇನ್ನು ಎಣ್ಣೆ ಇಡುವ ಜಾಗ. ಕುಡಿಯುವ ನೀರಿನ ಬಾಟಲಿ, ತಂಪು ಪಾನೀಯದ ಬಾಟಲಿ, ಔಷಧದ ಶೀಶೆ, ಇವುಗಳಲ್ಲಿ ಸೀಮೆಎಣ್ಣೆ ತುಂಬಿಡಬೇಡಿ. ಬಾಯಾರಿದ ಮಗುವಿಗೆ ಅದು ನೀರೇ. ಬಿಳಿ ಎಣ್ಣೆಯಂತೂ ದೊಡ್ಡವರಿಗೂ ನೀರಿನಂತೆ ಕಾಣುತ್ತದೆ. ಬೇರೆಯದೇ ಆಕಾರದ ಕ್ಯಾನಿನಲ್ಲಿ, ಬಿಗಿ ಮುಚ್ಚಳ ಹಾಕಿ, ಒಲೆಯಿಂದ ದೂರ, ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಇಡಿ.

ದೀಪ ಹಚ್ಚುವುದರಿಂದ ಆರಿಸುವವರೆಗೆ

ಎಣ್ಣೆಯನ್ನು ಹಗಲಿನಲ್ಲೇ, ಮನೆಯ ಹೊರಗೆ ತುಂಬಿ. ಉರಿಯುತ್ತಿರುವ ದೀಪಕ್ಕಾಗಲಿ, ಬಿಸಿ ಆರದ ದೀಪಕ್ಕಾಗಲಿ ಎಣ್ಣೆ ಹಾಕಬೇಡಿ. ಅರ್ಧ ಇಂಚು ಜಾಗ ಬಿಟ್ಟು ತುಂಬಿ. ಚೆಲ್ಲಿದ್ದನ್ನು ಒರೆಸಿ, ಆ ಬಟ್ಟೆಯನ್ನು ಹೊರಗೆ ಹಾಕಿ, ಕೈ ತೊಳೆದು ಆಮೇಲೆ ಕಡ್ಡಿ ಗೀರಿ.

ಹೊಸ ಬತ್ತಿ ಹಾಕಿದರೆ ಎಣ್ಣೆ ಹೀರಲು ಕಾಲು ಗಂಟೆ ಬಿಡಿ. ಒಣ ಬತ್ತಿ ಹಚ್ಚಿದರೆ ಬತ್ತಿಯೇ ಸುಟ್ಟು ಕರಕಲಾಗುತ್ತದೆ. ಬತ್ತಿಯ ತುದಿಯನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿ, ಎರಡೂ ಮೂಲೆಗಳನ್ನು ಚೂರು ಸವರಿ. ಹಚ್ಚಿದ ಮೇಲೆ ಐದು ನಿಮಿಷ ಸಣ್ಣ ಉರಿಯಲ್ಲಿಡಿ, ಗಾಜು ನಿಧಾನವಾಗಿ ಬಿಸಿಯಾಗಲಿ. ಬಿಸಿ ಗಾಜಿಗೆ ಮಳೆಹನಿ ಬಿದ್ದರೆ ಸೀಳುತ್ತದೆ. ಉರಿ ಹಳದಿಯಾಗಿ, ಸಮನಾಗಿ ನಿಂತಿದ್ದರೆ ಸರಿ. ತುದಿ ಚೂಪಾಗಿ ಮಸಿ ಏಳುತ್ತಿದ್ದರೆ ಬತ್ತಿ ಇಳಿಸಿ. ಎಣ್ಣೆ ಉಳಿಯಲೆಂದು ತೀರಾ ಇಳಿಸುವುದೂ ಒಳ್ಳೆಯದಲ್ಲ, ಎಣ್ಣೆ ಪೂರ್ತಿ ಉರಿಯದೆ ವಾಸನೆ ಹೊಡೆಯುತ್ತದೆ, ತಲೆ ನೋಯುತ್ತದೆ.

ಇಡುವ ಜಾಗ ಸಪಾಟಾಗಿರಲಿ, ಓಡಾಡುವ ದಾರಿಯಲ್ಲಿ ಬೇಡ. ಸೊಳ್ಳೆ ಪರದೆಯ ಹತ್ತಿರ, ಮಂಚದ ಕೆಳಗೆ, ಕೊಟ್ಟಿಗೆಯ ಹುಲ್ಲಿನ ಬಳಿ ಬೇಡ. ತೂಗುಹಾಕುವುದಾದರೆ ಕಬ್ಬಿಣದ ತಂತಿಯಲ್ಲಿ, ಮಾಡಿನಿಂದ ಸಾಕಷ್ಟು ಕೆಳಗೆ. ಮಲಗುವ ಮುಂಚೆ ಆರಿಸಿ. ಆರಿಸುವಾಗ ಬತ್ತಿ ಇಳಿಸಿ, ಗಾಜು ಎತ್ತಿ ಊದಿ. ಬತ್ತಿಯನ್ನು ತೀರಾ ಕೆಳಗೆ ತಿರುಗಿಸಿದರೆ ತೊಟ್ಟಿಯೊಳಗೆ ಬೀಳಬಹುದು.

ಹೊಗೆ ಮತ್ತು ಮುಚ್ಚಿದ ಕೋಣೆ

ಮಳೆಗಾಲದಲ್ಲಿ ನಾವು ಬಾಗಿಲು ಕಿಟಕಿ ಮುಚ್ಚಿ ಕೂರುತ್ತೇವೆ. ಅದರಲ್ಲೂ ಬಾಣಂತಿ ಕೋಣೆ. ಗಾಳಿ ಸೋಕಬಾರದೆಂದು ಸಂದುಗೊಂದು ಮುಚ್ಚಿ, ಒಳಗೆ ಕೆಂಡದ ಅಗ್ಗಿಷ್ಟಿಕೆ, ಜೊತೆಗೆ ದೀಪ. ಗಾಳಿ ಸಾಲದೆ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ತಲೆ ಸುತ್ತು, ವಾಂತಿ, ಮಂಪರು ಬರುತ್ತವೆ, ಆಮೇಲೆ ಪ್ರಜ್ಞೆ ತಪ್ಪುತ್ತದೆ. ಕೂಸು ಹೇಳಿಕೊಳ್ಳಲಾರದು. ತಾಯಿಯನ್ನೂ ಕೂಸನ್ನೂ ಬೆಚ್ಚಗಿಡಿ, ಬಟ್ಟೆ ಹೊದೆಸಿ ಬೆಚ್ಚಗಿಡಿ. ಕಿಟಕಿಯ ಒಂದು ಬಾಗಿಲು ತೆರೆದಿರಲಿ, ಕೆಂಡ ಮತ್ತು ಸೀಮೆಎಣ್ಣೆ ದೀಪ ಆ ಕೋಣೆಯ ಹೊರಗಿರಲಿ. ಹಿರಿಯರು ಒಪ್ಪದಿದ್ದರೆ ವೈದ್ಯರು ಹೇಳಿದ್ದಾರೆಂದು ಹೇಳಿ.

ದಮ್ಮು, ಕ್ಷಯ, ಹೃದ್ರೋಗ ಇರುವವರ ಕೋಣೆಯಲ್ಲೂ ಬ್ಯಾಟರಿ ದೀಪವೇ ಇರಲಿ. ನೇಪಾಳದ ಪೋಖರಾದಲ್ಲಿ ಮಹಿಳೆಯರ ಬಗ್ಗೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಸೀಮೆಎಣ್ಣೆ ದೀಪದ ಬಳಕೆಗೂ ಕ್ಷಯಕ್ಕೂ ಸಂಬಂಧ ಕಂಡಿದೆ. ಮನೆಯಲ್ಲಿ ಆಮ್ಲಜನಕ ಕೊಡುತ್ತಿರುವ ರೋಗಿ ಇದ್ದರೆ ಆ ಕೋಣೆಗೆ ಯಾವ ಉರಿಯನ್ನೂ ಒಯ್ಯಬೇಡಿ. ದೇವರ ದೀಪವೂ ಬೇರೆ ಕೋಣೆಯಲ್ಲಿರಲಿ.

ಬಚ್ಚಲ ಒಲೆ ಮತ್ತು ತಲೆಯ ಹೇನು

ದೀಪದ ಮಾತಿನ ನಡುವೆ ಈ ಎರಡನ್ನು ಹೇಳದೆ ಬಿಡಲಾಗದು. ಮಳೆಗಾಲದಲ್ಲಿ ಕಟ್ಟಿಗೆ ಹಸಿ. ಬಚ್ಚಲ ಒಲೆ ಹತ್ತುವುದಿಲ್ಲ. ಹೊಗೆಯಾಡುವ ಒಲೆಗೆ ಕ್ಯಾನಿನಿಂದ ಸೀಮೆಎಣ್ಣೆ ಎರಚುತ್ತೇವೆ. ಕೆಂಡದ ಬಿಸಿಗೆ ಎಣ್ಣೆ ಆವಿಯಾಗಿ ಭಗ್ಗನೆ ಹತ್ತಿ, ಉರಿ ಧಾರೆಯ ಗುಂಟ ಕೈಗೂ ಮುಖಕ್ಕೂ ಬರುತ್ತದೆ. ಕೆಂಡವಿರುವ ಒಲೆಗೆ ಎಣ್ಣೆ ಹಾಕಲೇಬಾರದು. ಬೇಸಗೆಯಲ್ಲೇ ಒಣ ತೆಂಗಿನ ಗರಿ, ಅಡಿಕೆ ಸಿಪ್ಪೆ, ಗೆರಟೆ ಕೂಡಿಡಿ. ಒಲೆ ಹತ್ತಿಸಲು ಅವೇ ಸಾಕು.

ಹೇನಿಗೆಂದು ಮಕ್ಕಳ ತಲೆಗೆ ಸೀಮೆಎಣ್ಣೆ ಹಚ್ಚುವ ರೂಢಿಯೂ ಇದೆ. ಚರ್ಮ ಸುಡುತ್ತದೆ. ಆ ತಲೆ ಒಲೆಯ ಹತ್ತಿರ ಬಂದರೆ ಕೂದಲೇ ಬತ್ತಿಯಾಗುತ್ತದೆ. ಹೇನಿಗೆ ಔಷಧಿ ಆಸ್ಪತ್ರೆಯಲ್ಲಿದೆ, ಕೇಳಿ.

ಮಾಳದಲ್ಲಿ, ಚಪ್ಪರದಲ್ಲಿ, ಕಾಡಿನ ಶಿಬಿರದಲ್ಲಿ

ಹಂದಿ ಕಾಯಲು ಗದ್ದೆಯ ಮಾಳದಲ್ಲಿ ಮಲಗುವವರು ಲಾಟೀನನ್ನು ಮಾಳದ ಹೊರಗೆ ಕಂಬಕ್ಕೆ ತೂಗುಹಾಕಿ. ಕಾಲಡಿಯ ಹುಲ್ಲು, ತಲೆಯ ಮೇಲಿನ ಸೋಗೆ ಎರಡೂ ಉರಿಯುವ ಪದಾರ್ಥಗಳೇ. ಹಾವು ಹುಪ್ಪಟೆ ನೋಡಲು ಕೈಯಲ್ಲಿ ಟಾರ್ಚ್ ಇರಲಿ.

ಅಡಿಕೆ ಸುಲಿಯುವ ಚಪ್ಪರದಲ್ಲಿ ಮೆಟ್ಟುಗತ್ತಿಯ ಮುಂದೆ ಹೆಂಗಸರೂ ಮಕ್ಕಳೂ ಒತ್ತಾಗಿ ಕೂತಿರುತ್ತಾರೆ. ಸುತ್ತ ಒಣ ಸಿಪ್ಪೆಯ ರಾಶಿ. ಅಲ್ಲಿ ನೆಲದ ಮೇಲೆ ದೀಪವಿಡಬೇಡಿ. ಎತ್ತರದಲ್ಲಿ ತೂಗುಹಾಕಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇಡಿ. ಹತ್ತಿಕೊಂಡ ಎಣ್ಣೆಗೆ ನೀರು ಹೊಡೆದರೆ ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ಮರಳು, ಮಣ್ಣು ಅಥವಾ ಒದ್ದೆ ಗೋಣಿಚೀಲದಿಂದ ಮುಚ್ಚಿ ಆರಿಸಬೇಕು.

ಉಂಚಳ್ಳಿ, ಯಾಣದ ಕಡೆ ಶಿಬಿರ ಹೂಡುವ ಹುಡುಗರಿಗೂ ಒಂದು ಮಾತು. ನೈಲಾನ್ ಡೇರೆಯೊಳಗೆ ಉರಿಯುವ ದೀಪ ಬೇಡ. ಡೇರೆಗೆ ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ, ತೆರೆ ಮುಚ್ಚಿದರೆ ವಿಷಾನಿಲ ತುಂಬುತ್ತದೆ. ಒಳಗೆ ಟಾರ್ಚ್, ಹೊರಗೆ ಬೇಕಿದ್ದರೆ ಲಾಟೀನು. ಬೇಸಗೆಯಲ್ಲಿ ಲಾಟೀನು ಇಡುವ ಸುತ್ತ ತರಗೆಲೆ ಗುಡಿಸಿ ಬರಿ ನೆಲ ಮಾಡಿಕೊಳ್ಳಿ. ಬಸ್ಸಿನಲ್ಲಿ ಎಣ್ಣೆ ತುಂಬಿದ ದೀಪ ಒಯ್ಯಬೇಡಿ.

ಅನಾಹುತವಾದರೆ

ಮೈಗೆ ಬೆಂಕಿ ಹತ್ತಿದರೆ ಓಡಬಾರದು. ಓಡಿದಷ್ಟೂ ಉರಿ ಹೆಚ್ಚುತ್ತದೆ. ಅಲ್ಲೇ ನಿಂತು, ನೆಲಕ್ಕೆ ಮಲಗಿ, ಮುಖ ಮುಚ್ಚಿಕೊಂಡು ಉರುಳಬೇಕು. ಹತ್ತಿರದವರು ಕಂಬಳಿ ಹೊದೆಸಿ ಆರಿಸಬೇಕು. ಬೆಂಕಿ ಆರಿದೊಡನೆ ಸುಟ್ಟ ಭಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಮಂಜುಗಡ್ಡೆ ಬೇಡ. ಬಳೆ, ಉಂಗುರ, ಕಾಲುಂಗುರ ಕೂಡಲೇ ತೆಗೆಯಿರಿ, ಊತ ಬಂದ ಮೇಲೆ ಬರುವುದಿಲ್ಲ. ಅಂಟಿದ ಬಟ್ಟೆಯನ್ನು ಕೀಳಬೇಡಿ. ತುಪ್ಪ, ಅರಿಸಿನ, ಶಾಯಿ, ಟೂತ್‌ಪೇಸ್ಟ್ ಯಾವುದನ್ನೂ ಹಚ್ಚಬೇಡಿ. ಅವು ಬಿಸಿಯನ್ನು ಒಳಗೇ ಹಿಡಿದಿಡುತ್ತವೆ, ಗಾಯ ಕೊಳೆಯುತ್ತದೆ. ಸ್ವಚ್ಛ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಕರೆತನ್ನಿ. ಬೊಬ್ಬೆ ಒಡೆಯಬೇಡಿ.

ಮಗು ಸೀಮೆಎಣ್ಣೆ ಕುಡಿದರೆ ವಾಂತಿ ಮಾಡಿಸಬೇಡಿ. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ಗಂಟಲಿಗೆ ಬೆರಳು, ಉಪ್ಪುನೀರು, ಹಾಲು, ಎಣ್ಣೆ ಏನೂ ಬೇಡ. ಹೊಟ್ಟೆಯಲ್ಲಿದ್ದಾಗ ಆಗುವುದಕ್ಕಿಂತ ಹೆಚ್ಚಿನ ಹಾನಿ, ವಾಂತಿಯೊಡನೆ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದಾಗ ಆಗುತ್ತದೆ. ಎಣ್ಣೆ ತಾಗಿದ ಬಟ್ಟೆ ಬಿಚ್ಚಿ, ಮೈಯನ್ನು ಸೋಪಿನಿಂದ ತೊಳೆದು, ಬಾಟಲಿಯನ್ನೂ ಜೊತೆಗೆ ಹಿಡಿದು ಬನ್ನಿ. ಕೆಮ್ಮು, ಏದುಸಿರು, ತುಟಿ ನೀಲಿಯಾಗುವುದು, ಮಂಪರು ಕಂಡರೆ ಕ್ಷಣವೂ ತಡಮಾಡಬೇಡಿ. ಮಗು ಆಡಿಕೊಂಡಿದ್ದರೂ ಕರೆತನ್ನಿ. ತೊಂದರೆ ಕೆಲವು ಗಂಟೆಗಳ ನಂತರ ಕಾಣಿಸಬಹುದು, ಆದ್ದರಿಂದ ಕನಿಷ್ಠ 6 ಗಂಟೆ ವೈದ್ಯರ ಕಣ್ಣೆದುರು ಇರಬೇಕು. ವಾಹನ ಬೇಕಾದರೆ 108ಕ್ಕೆ ಕರೆ ಮಾಡಿ. ಒಂಟಿಮನೆಗೆ ಆಂಬುಲೆನ್ಸ್ ಬರುವಷ್ಟು ದಾರಿ ಇಲ್ಲದಿದ್ದರೆ, ಕಾಯುತ್ತ ಕೂರದೆ ರಸ್ತೆಯವರೆಗೆ ಕರೆತರಲು ನೆರೆಯವರನ್ನು ಕೂಗಿ.

ಮನೆಗೆ ಹೋದ ಮೇಲೆ ಇಷ್ಟು ಮಾಡಿ

1. ಚಿಮಣಿ ಬುಡ್ಡಿಗಳನ್ನು ಹೊರಹಾಕಿ.
2. ನೀರಿನ ಬಾಟಲಿಯಲ್ಲಿ ಸೀಮೆಎಣ್ಣೆ ಇದೆಯೇ ನೋಡಿ, ಇದ್ದರೆ ಇಂದೇ ಬದಲಿಸಿ.
3. ಲಾಟೀನು ಇಳಿಸಿ, ಕೊಳವೆ ಒರೆಸಿ, ಗಾಜು ತೊಳೆದು ಒಣಗಿಸಿ, ಬತ್ತಿ ಕತ್ತರಿಸಿ.
4. ಬಚ್ಚಲ ಒಲೆಯ ಹತ್ತಿರದ ಎಣ್ಣೆ ಕ್ಯಾನನ್ನು ಬೇರೆಡೆ ಇಡಿ.
5. ಬಾಣಂತಿ, ಕೂಸು, ದಮ್ಮಿನವರು ಇರುವ ಕೋಣೆಗೆ ಬ್ಯಾಟರಿ ದೀಪ ಕೊಡಿ.
6. ‘ಸುಟ್ಟರೆ ನೀರು, ಕುಡಿದರೆ ವಾಂತಿ ಬೇಡ’ ಎಂಬ ಮಾತನ್ನು ಮಕ್ಕಳಿಗೂ ಕಲಿಸಿ.

ಈ ಪುಸ್ತಿಕೆಯನ್ನು ಇಲ್ಲೇ ಬಿಟ್ಟುಹೋಗಬೇಡಿ, ಮನೆಗೆ ಒಯ್ಯಿರಿ. ಓದಲು ಬಾರದವರಿಗೆ ಓದಿ ಹೇಳಿ. ಹಾಸಿಗೆಯಲ್ಲಿರುವ ನಿಮ್ಮ ರೋಗಿ ಬೇಗ ಗುಣವಾಗಿ ಮನೆ ಸೇರಲಿ, ಸೇರುವ ಮನೆಯಲ್ಲಿ ದೀಪ ಬೆಳಕನ್ನಷ್ಟೇ ಕೊಡಲಿ.